ಡಾಕ್ಟರರಿಗೆ ಹೇಳದ ಕಷಾಯ

"ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ, ತಾಯಿ?"

"ಏನೂ ಇಲ್ಲ, ಡಾಕ್ಟ್ರೇ."

ಬೆಂಗಳೂರಿನ ಬಸವನಗುಡಿಯಾಗಲಿ, ಮೈಸೂರಿನ ಒಂಟಿಕೊಪ್ಪಲಾಗಲಿ, ಧಾರವಾಡದ ಮಾಳಮಡ್ಡಿಯಾಗಲಿ, ಸಂಜೆಯ ವೇಳೆ ಯಾವ ಡಾಕ್ಟರರ ಷಾಪಿನ ಬಾಗಿಲಲ್ಲಿ ನಿಂತರೂ ಈ ಪ್ರಶ್ನೋತ್ತರ ಕಿವಿಗೆ ಬೀಳುತ್ತದೆ. ಪ್ರಶ್ನೆ ಕೇಳುವವರ ಕಣ್ಣು ರಕ್ತದೊತ್ತಡ ಅಳೆಯುವ ಯಂತ್ರದ ಮೇಲಿರುತ್ತದೆ. ಉತ್ತರ ಹೇಳುವವರ ಮನಸ್ಸು ಹೊರಗೆ ಕಾದು ಕುಳಿತವರ ಕಡೆಗಿರುತ್ತದೆ. ಕೇಳಬೇಕಾದದ್ದನ್ನು ಕೇಳಿದ್ದಾಯಿತು, ಹೇಳಬೇಕಾದದ್ದನ್ನು ಹೇಳಿದ್ದಾಯಿತು ಎಂದು ಇಬ್ಬರೂ ಮುಂದಿನ ಮಾತಿಗೆ ಹೋಗುತ್ತಾರೆ.

ಆದರೆ ಅದೇ ತಾಯಿಯ ಅಡಿಗೆಮನೆಯ ಗೂಡನ್ನು ಒಮ್ಮೆ ನೋಡಬೇಕು. ಮಂಡಿನೋವಿಗೆಂದು ಯಾರೋ ಊರಿನಿಂದ ತರಿಸಿಕೊಟ್ಟ ಪುಡಿಯ ಪೊಟ್ಟಣ, ಸಕ್ಕರೆ ಕಾಯಿಲೆಗೆಂದು ರಾತ್ರಿಯೇ ನೆನೆಯಿಟ್ಟ ಮೆಂತ್ಯ, ಕೆಮ್ಮಿಗೆಂದು ಗ್ರಂಧಿಗೆ ಅಂಗಡಿಯಿಂದ ತಂದ ಜ್ಯೇಷ್ಠಮಧು, ಕುಂಡದಲ್ಲಿ ಬೆಳೆದ ಅಮೃತಬಳ್ಳಿಯ ತುಂಡುಗಳು, ಮಗಳ ಮನೆಯಿಂದ ಬಂದ ಹೋಮಿಯೋಪತಿಯ ಬಿಳಿ ಗುಳಿಗೆಗಳ ಸೀಸೆ ಎಲ್ಲವೂ ಅಲ್ಲಿ ಸಾಲಾಗಿ ಕುಳಿತಿರುತ್ತವೆ. ಆಕೆ ಸುಳ್ಳು ಹೇಳಿದರೆಂದು ತಿಳಿಯಬಾರದು. ಆಕೆಯ ನಿಘಂಟಿನಲ್ಲಿ ಔಷಧಿಯೆಂದರೆ ಡಾಕ್ಟರರು ಚೀಟಿಯಲ್ಲಿ ಬರೆದದ್ದು. ಮಿಕ್ಕದ್ದು ಮನೆಯ ಪದಾರ್ಥ. ಉಪ್ಪು, ಹುಣಿಸೇಹಣ್ಣು, ಸಾರಿನ ಪುಡಿಯ ವಿವರವನ್ನು ಡಾಕ್ಟರರಿಗೆ ಯಾರಾದರೂ ಒಪ್ಪಿಸುತ್ತಾರೆಯೇ? ಇದರ ಜೊತೆಗೆ ಸಣ್ಣದೊಂದು ಅಳುಕೂ ಇರುತ್ತದೆ. ಹೇಳಿದರೆ ಡಾಕ್ಟರರು ಗದರಿಸಿಕೊಂಡಾರು, ಇಲ್ಲವೆ ತಮ್ಮ ಮೇಲೆ ನಂಬಿಕೆಯಿಲ್ಲವೆಂದು ನೊಂದುಕೊಂಡಾರು.

ಇದು ಕನ್ನಡ ನಾಡಿನ ಮನೆಗಳ ವಿಶೇಷವೇನೂ ಅಲ್ಲ. ಅಮೆರಿಕದಲ್ಲಿ ಡೇವಿಡ್ ಐಸೆನ್‌ಬರ್ಗ್ ಎಂಬ ವೈದ್ಯರೂ ಅವರ ಸಂಗಡಿಗರೂ 1,539 ಮಂದಿ ವಯಸ್ಕರನ್ನು ವಿಚಾರಿಸಿ 1993ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಅವರಲ್ಲಿ ಸುಮಾರು ಮೂವರಿಗೊಬ್ಬರು ಒಂದು ವರ್ಷದ ಅವಧಿಯಲ್ಲಿ ಗಿಡಮೂಲಿಕೆಯೋ ಮತ್ತಾವುದೋ ಬೇರೆ ಪದ್ಧತಿಯ ಚಿಕಿತ್ಸೆಯನ್ನೋ ಮಾಡಿಕೊಂಡಿದ್ದರು. ಅಚ್ಚರಿ ಅದಲ್ಲ. ಹಾಗೆ ಮಾಡಿಕೊಂಡವರಲ್ಲಿ ನೂರಕ್ಕೆ 72 ಮಂದಿ ಆ ಸಂಗತಿಯನ್ನು ತಮ್ಮ ಡಾಕ್ಟರರಿಗೆ ತಿಳಿಸಿಯೇ ಇರಲಿಲ್ಲ! ಗ್ರಂಧಿಗೆ ಅಂಗಡಿಯ ಮುಖವನ್ನೇ ಕಾಣದ ದೇಶದಲ್ಲಿ ಸ್ಥಿತಿ ಹೀಗಾದರೆ, ಹಿತ್ತಲಲ್ಲಿಯೇ ತುಳಸಿ, ದೊಡ್ಡಪತ್ರೆ, ಲೋಳೆಸರ ಬೆಳೆಯುವ ದೇಶದ ಮಾತೇನು?

ಹಾಗಾದರೆ ಡಾಕ್ಟರರ ಮನಸ್ಸಿನಲ್ಲಿರುವುದಾದರೂ ಏನು? ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾನಿಲಯದ ಎಡ್ಜಾರ್ಡ್ ಅರ್ನ್ಸ್ಟ್ ಮತ್ತು ಸಂಗಡಿಗರು ಪಾಶ್ಚಾತ್ಯ ವೈದ್ಯರನ್ನು ಕುರಿತ ಹಲವು ಸಮೀಕ್ಷೆಗಳನ್ನು ಒಟ್ಟುಗೂಡಿಸಿ 1995ರಲ್ಲಿ ಲೆಕ್ಕ ಹಾಕಿದರು. ಇತರ ಪದ್ಧತಿಗಳ ಉಪಯುಕ್ತತೆಗೆ ವೈದ್ಯರು ಕೊಟ್ಟ ಅಂಕ ನೂರಕ್ಕೆ ಸರಾಸರಿ 46. ತೇರ್ಗಡೆಯೋ ಅಲ್ಲವೋ ಎಂಬಂತಿರುವ ಅಂಕ! ಕನ್ನಡ ನಾಡಿನ ಡಾಕ್ಟರರನ್ನು ಕೇಳಿದರೂ ಉತ್ತರ ಹೀಗೆಯೇ ತೂಗುಯ್ಯಾಲೆಯಾಡೀತು. ಎಂ.ಬಿ.ಬಿ.ಎಸ್. ಓದುವಾಗ ಅವರಿಗೆ ಕಷಾಯದ ಪಾಠವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಆದರೆ ಶೀತವಾದಾಗ ಶುಂಠಿ ಕಷಾಯ ಕುಡಿಸಿ ಬೆಳೆಸಿದ ಅಜ್ಜಿ ಅವರ ಮನೆಯಲ್ಲಿಯೂ ಇದ್ದವರೇ. ಪುಸ್ತಕ ಒಂದು ಮಾತು ಹೇಳುತ್ತದೆ, ಬಾಲ್ಯ ಇನ್ನೊಂದು ಮಾತು ಹೇಳುತ್ತದೆ.

ಕೆಲವರು ಮೇಜು ಕುಟ್ಟಿ, "ಆ ಸೊಪ್ಪುಸದೆಯನ್ನೆಲ್ಲ ಎಸೆದು ಬನ್ನಿ, ಆಮೇಲೆ ನನ್ನ ಹತ್ತಿರ ಮಾತಾಡಿ" ಎಂದುಬಿಡುತ್ತಾರೆ. ರೋಗಿ ಸೊಪ್ಪನ್ನು ಎಸೆಯುವುದಿಲ್ಲ. ಹೇಳುವುದನ್ನು ಮಾತ್ರ ನಿಲ್ಲಿಸುತ್ತಾನೆ. ಇನ್ನು ಕೆಲವರು ತಾವೇ ಮುಂದಾಗಿ ಆಯುರ್ವೇದದ ಮಾತ್ರೆಯನ್ನೂ ಟಾನಿಕ್ಕನ್ನೂ ತಮ್ಮ ಚೀಟಿಯ ಕೊನೆಯ ಸಾಲಿನಲ್ಲಿ ಸೇರಿಸುವುದುಂಟು. ಆದರೆ ಹೆಚ್ಚಿನವರು ಆಶ್ರಯಿಸುವುದು ನಡುವಣ ದಾರಿಯನ್ನು: "ನಂಬಿಕೆ ಇದ್ದರೆ ತಗೊಳ್ಳಿ, ತೊಂದರೆ ಏನಿಲ್ಲ."

ಕೇಳುವುದಕ್ಕೆ ಎಷ್ಟು ಸಭ್ಯವಾದ ಮಾತು! ರೋಗಿಗೂ ಸಮಾಧಾನ, ಡಾಕ್ಟರರಿಗೂ ಸಮಾಧಾನ. ಆದರೆ ಇದು ಅಭಿಪ್ರಾಯವಲ್ಲ, ಅಭಿಪ್ರಾಯ ಹೇಳದೆ ಜಾರಿಕೊಳ್ಳುವ ಉಪಾಯ. ನಂಬಿಕೆ ದೇವರಮನೆಗೆ ಸೇರಿದ ಮಾತು. ಮೂತ್ರಪಿಂಡಕ್ಕೆ ನಂಬಿಕೆಯ ಪರಿಚಯವಿಲ್ಲ, ಸೀಸದ ಪರಿಚಯವಿದೆ. ಯಾವ ಪುಡಿ, ಯಾವ ಎಲೆ, ಎಷ್ಟು ದಿನದಿಂದ, ಯಾವ ಮಾತ್ರೆಯ ಜೊತೆಯಲ್ಲಿ ಎಂಬುದೊಂದನ್ನೂ ಕೇಳದೆ "ತೊಂದರೆ ಏನಿಲ್ಲ" ಎಂದು ಹೇಳಲು ಡಾಕ್ಟರರಿಗೆ ಸಾಧ್ಯವಾದದ್ದು ಹೇಗೆ? "ಅದರ ವಿಷಯ ನನಗೆ ಗೊತ್ತಿಲ್ಲ, ತಿಳಿದು ಹೇಳುತ್ತೇನೆ" ಎಂಬ ಉತ್ತರವಾದರೂ ಇದಕ್ಕಿಂತ ಮೇಲು.

ಈ ಸಭ್ಯತೆಯ ಒಳಹೊರಗು ಚೆನ್ನಾಗಿ ಕಾಣುವುದು ಕಾಮಾಲೆಯಲ್ಲಿ. ಕಣ್ಣು ಹಳದಿಯಾಗಿ, ಅನ್ನದ ವಾಸನೆಗೇ ವಾಕರಿಕೆ ಬಂದು ಹುಡುಗನೊಬ್ಬ ಡಾಕ್ಟರರ ಮುಂದೆ ಬಂದು ನಿಂತನೆನ್ನೋಣ. "ಇದಕ್ಕೆ ನಮ್ಮಲ್ಲಿ ಔಷಧಿಯಿಲ್ಲ, ನಾಟಿ ಔಷಧಿ ಕೊಡಿಸಿ" ಎಂದು ಆಂಗ್ಲ ವೈದ್ಯರೇ ಹೇಳಿ ಕಳಿಸುವ ವಾಡಿಕೆ ಈ ನಾಡಿನಲ್ಲಿ ಬಹಳ ಕಾಲದಿಂದ ಬಂದದ್ದು. ಬೆಳಗಿನ ಜಾವ ಬರಿಯ ಹೊಟ್ಟೆಯಲ್ಲಿ ನೆಲನೆಲ್ಲಿಯನ್ನು ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕುಡಿಸುತ್ತಾರೆ. ಉಪ್ಪು, ಎಣ್ಣೆ, ಹುಳಿ ಬಿಡಿಸಿ ಪಥ್ಯ ಹಿಡಿಸುತ್ತಾರೆ. ಮೂರು ವಾರಗಳಲ್ಲಿ ಹುಡುಗ ಮತ್ತೆ ಚೆಂಡು ಹಿಡಿದು ಬೀದಿಗೆ ಇಳಿಯುತ್ತಾನೆ. ಕೀರ್ತಿ ನೆಲನೆಲ್ಲಿಗೆ ಸಲ್ಲುತ್ತದೆ.

ಕೊಳೆನೀರಿನಿಂದ ಬರುವ ಹೆಪಟೈಟಿಸ್ 'ಎ' ಮತ್ತು 'ಇ' ಎಂಬ ಕಾಮಾಲೆಗಳು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಯಾವ ಔಷಧಿ ಕೊಟ್ಟರೂ ಇಳಿಯುತ್ತವೆ, ಕೊಡದಿದ್ದರೂ ಇಳಿಯುತ್ತವೆ. ಹೀಗಿರುವಾಗ ಡಾಕ್ಟರರು ಹುಡುಗನನ್ನು ನಾಟಿ ವೈದ್ಯರಲ್ಲಿಗೆ ಕಳಿಸಿದರೆ ತಪ್ಪೇನು ಎನ್ನಬಹುದು. ತಪ್ಪಿರುವುದು ಕಳಿಸಿದ್ದರಲ್ಲಿ ಅಲ್ಲ, ಪರೀಕ್ಷೆ ಮಾಡದೆ ಕಳಿಸಿದ್ದರಲ್ಲಿ. ಕಾಮಾಲೆಯೆಂಬುದು ರೋಗದ ಹೆಸರಲ್ಲ, ಚಿಹ್ನೆ. ಅರುವತ್ತು ವಯಸ್ಸಿನವರಿಗೆ ಅದು ಪಿತ್ತನಾಳದಲ್ಲಿ ಸಿಕ್ಕಿಕೊಂಡ ಕಲ್ಲಿನಿಂದ ಬಂದಿರಬಹುದು, ಮೇದೋಜೀರಕ ಗ್ರಂಥಿಯ ಅರ್ಬುದದಿಂದ ಬಂದಿರಬಹುದು. ಗದ್ದೆಯಲ್ಲಿ ಕೆಲಸ ಮಾಡಿದವನಿಗೆ ಇಲಿಜ್ವರದಿಂದ ಬಂದಿರಬಹುದು. ಬಸುರಿ ಹೆಂಗಸಿಗೆ ಹೆಪಟೈಟಿಸ್ 'ಇ' ಪ್ರಾಣಕ್ಕೇ ಸಂಚಕಾರ. ಇವರೆಲ್ಲರೂ ಮೂರು ವಾರ ಪಥ್ಯದಲ್ಲಿ ಕಳೆದರೆ ಕಳೆದುಹೋಗುವುದು ಬರಿಯ ಮೂರು ವಾರಗಳಲ್ಲ.

ನೆಲನೆಲ್ಲಿಯ ಕಥೆಗೆ ಇನ್ನೊಂದು ಅಧ್ಯಾಯವುಂಟು. ಮದರಾಸಿನ ಎಸ್. ಪಿ. ತ್ಯಾಗರಾಜನ್ ಅವರೂ, ಹೆಪಟೈಟಿಸ್ 'ಬಿ' ವೈರಸ್ಸಿನ ಸುಳಿವನ್ನು ಕಂಡುಹಿಡಿದು ನೊಬೆಲ್ ಪಾರಿತೋಷಕ ಪಡೆದ ಬಾರೂಕ್ ಬ್ಲಂಬರ್ಗ್ ಅವರೂ ಕೂಡಿ, ಆ ವೈರಸ್ಸನ್ನು ಬಹುಕಾಲದಿಂದ ಮೈಯಲ್ಲಿ ಹೊತ್ತವರಿಗೆ ಮೂವತ್ತು ದಿನ ನೆಲನೆಲ್ಲಿಯ ಪುಡಿ ಕೊಟ್ಟು ನೋಡಿದರು. 1988ರಲ್ಲಿ ಪ್ರಕಟವಾದ ಫಲಿತಾಂಶ ಬೆರಗುಗೊಳಿಸುವಂತಿತ್ತು: ಪುಡಿ ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು; ಬರಿಯ ಹುಸಿಮದ್ದು ತಿಂದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಹಿತ್ತಲ ಗಿಡ ಕೊನೆಗೂ ಮದ್ದಾಯಿತೆಂದು ಸಂತೋಷಪಟ್ಟವರು ಅನೇಕರು. ಆದರೆ 1990ರಲ್ಲಿ ಥಾಯ್ಲೆಂಡಿನಲ್ಲಿ ಮಾಡಿದ ಪ್ರಯೋಗದಲ್ಲಿ ಆ ಫಲ ಮರುಕಳಿಸಲಿಲ್ಲ. ಬೇರೆ ಕಡೆಯ ಪ್ರಯೋಗಗಳಲ್ಲಿಯೂ ಮೊದಲಿನ ಬೆರಗು ಉಳಿಯಲಿಲ್ಲ. ಇದರಲ್ಲಿ ಯಾರಿಗೂ ಅವಮಾನವಿಲ್ಲ. ಸೊಪ್ಪನ್ನು ಜರೆಯದೆ, ಪೂಜಿಸದೆ, ಎಣಿಸಿ ನೋಡಿದ್ದೇ ಇಲ್ಲಿ ದೊಡ್ಡದು.

ಎಣಿಸಿ ನೋಡಿದಾಗ ಸೊಪ್ಪು ಗೆದ್ದದ್ದೂ ಉಂಟು. ಸರ್ಪಗಂಧಿಯ ಬೇರನ್ನು ಉನ್ಮಾದಕ್ಕೂ ನಿದ್ರಾಹೀನತೆಗೂ ಕೊಡುವುದು ನಾಡವೈದ್ಯರ ಹಳೆಯ ಪದ್ಧತಿ. ಕಲ್ಕತ್ತೆಯ ಕವಿರಾಜ ಗಣನಾಥ ಸೇನ್ ಅವರೂ ಡಾಕ್ಟರ್ ಕಾರ್ತಿಕ ಚಂದ್ರ ಬೋಸ್ ಅವರೂ ಅದು ರಕ್ತದೊತ್ತಡವನ್ನು ಇಳಿಸುತ್ತದೆಂದು 1931ರಲ್ಲಿ ಬರೆದರು. ಪಂಡಿತರೂ ಡಾಕ್ಟರರೂ ಒಂದೇ ಲೇಖನಕ್ಕೆ ರುಜು ಹಾಕಿದ ದೃಶ್ಯ ಇಂದಿಗೂ ಅಪರೂಪವೇ. ಮುಂದೆ ಮುಂಬಯಿಯ ರುಸ್ತಂ ಜಾಲ್ ವಕೀಲ್ ಅವರು 50 ಮಂದಿ ರೋಗಿಗಳಿಗೆ ಆ ಬೇರಿನ ಮಾತ್ರೆ ಕೊಟ್ಟು, ವಾರವಾರವೂ ಒತ್ತಡವನ್ನು ಅಳೆದು, 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತಿನ ವೈದ್ಯರು ತಿರುಗಿ ನೋಡಿದ್ದು ಆಗ. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ರಸಾಯನಜ್ಞರು ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಕೆಲವು ವರ್ಷಗಳ ಕಾಲ ರಕ್ತದೊತ್ತಡಕ್ಕೆ ಅದೇ ಮುಖ್ಯ ಔಷಧಿಗಳಲ್ಲೊಂದಾಗಿತ್ತು. ಮನಸ್ಸು ಕುಗ್ಗಿಸುವುದೇ ಮುಂತಾದ ದೋಷಗಳು ಕಂಡುಬಂದು, ಅವಕ್ಕಿಂತ ಮೇಲಾದ ಮಾತ್ರೆಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಗಿಡದಿಂದ ಬಂದದ್ದೆಂಬ ಕಾರಣಕ್ಕೆ ಯಾರೂ ಅದಕ್ಕೆ ರಿಯಾಯಿತಿ ತೋರಲಿಲ್ಲ, ಅದನ್ನು ತುಚ್ಛವಾಗಿಯೂ ಕಾಣಲಿಲ್ಲ.

ಡಾಕ್ಟರರ ಚೀಟಿಯಲ್ಲಿಯೇ ಗಿಡಮೂಲಿಕೆ ಎಷ್ಟು ಸೇರಿದೆಯೆಂಬುದು ಎಷ್ಟೋ ಮನೆಗಳಿಗೆ ತಿಳಿಯದು. ಮಲಬದ್ಧತೆಗೆ ಬರೆದುಕೊಡುವ ಇಸಬ್‌ಗೋಲ್ ಒಂದು ಗಿಡದ ಬೀಜದ ಹೊಟ್ಟು. ಸೆನ್ನಾ ಮಾತ್ರೆ ಅಜ್ಜಿಯ ಕಾಲದ ಸೋನಾಮುಖಿಯೇ. ಕಫ ಕರಗಿಸಲು ಕೊಡುವ ಬ್ರೋಮ್‌ಹೆಕ್ಸಿನ್ ಎಂಬ ಔಷಧಿಯನ್ನು 1960ರ ದಶಕದಲ್ಲಿ ರಸಾಯನಶಾಲೆಯಲ್ಲಿ ರೂಪಿಸಿದ್ದು ಆಡುಸೋಗೆಯ ಸಾರದ ಮಾದರಿಯ ಮೇಲೆ. ಮೊಮ್ಮಗನಿಗೆ ಡಾಕ್ಟರರು ಕೊಟ್ಟ ಸಿರಪ್ಪನ್ನು ಕುಡಿಸಬೇಕೋ ಅಜ್ಜಿಯ ಆಡುಸೋಗೆ ಕಷಾಯ ಕುಡಿಸಬೇಕೋ ಎಂದು ಅತ್ತೆ ಸೊಸೆಯರು ಜಗಳವಾಡುವ ಮನೆಯಲ್ಲಿ, ಇಬ್ಬರ ಕೈಯಲ್ಲಿಯೂ ಇರುವುದು ಒಂದೇ ವಂಶದ ಔಷಧಿಯೆಂಬುದನ್ನು ಯಾರಾದರೂ ತಿಳಿಸಿದರೆ ಒಳ್ಳೆಯದಿತ್ತು. ವ್ಯತ್ಯಾಸವಿಷ್ಟೇ: ಸಿರಪ್ಪಿನ ಚಮಚದಲ್ಲಿ ಎಷ್ಟಿದೆಯೆಂಬುದು ಸೀಸೆಯ ಮೇಲಿರುತ್ತದೆ, ಕಷಾಯದ ಲೋಟದಲ್ಲಿ ಎಷ್ಟಿದೆಯೆಂಬುದು ಗಿಡಕ್ಕೂ ಒಲೆಗೂ ಬಿಟ್ಟದ್ದು.

ಶಸ್ತ್ರವೈದ್ಯರು ಕೂಡ ಒಪ್ಪಬೇಕಾಗಿ ಬಂದ ಪ್ರಸಂಗವೊಂದಿದೆ. ಭಗಂದರವೆಂಬ ಗುದದ್ವಾರದ ಬಳಿಯ ಹುಣ್ಣುದಾರಿಗೆ ಆಯುರ್ವೇದದಲ್ಲಿ ಕ್ಷಾರಸೂತ್ರವೆಂಬ ಚಿಕಿತ್ಸೆಯಿದೆ. ಕಳ್ಳಿಯ ಹಾಲು, ಉತ್ತರಣೆಯ ಕ್ಷಾರ, ಅರಿಸಿನ ಇವುಗಳನ್ನು ಇಪ್ಪತ್ತೊಂದು ಸಲ ಲೇಪಿಸಿ ಒಣಗಿಸಿದ ದಾರವನ್ನು ಆ ದಾರಿಯೊಳಗೆ ಹಾಯಿಸಿ ಕಟ್ಟಿ, ಕ್ರಮವಾಗಿ ಬದಲಾಯಿಸುತ್ತ ಹೋಗುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಇದನ್ನು ಶಸ್ತ್ರಕ್ರಿಯೆಯೊಡನೆ ಹೋಲಿಸಿ ನೋಡಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು. ಗಾಯ ಮಾಯಲು ಕತ್ತಿಯಿಂದಾದರೆ ಸುಮಾರು ನಾಲ್ಕು ವಾರ, ದಾರದಿಂದಾದರೆ ಎಂಟು ವಾರ. ಆದರೆ ರೋಗ ಮರುಕಳಿಸಿದ್ದು ಕತ್ತಿಯ ಗುಂಪಿನಲ್ಲಿ ನೂರಕ್ಕೆ 11, ದಾರದ ಗುಂಪಿನಲ್ಲಿ ನೂರಕ್ಕೆ 4. ಇಂಥ ಲೆಕ್ಕವನ್ನು ತಿಳಿದ ಡಾಕ್ಟರರು "ನಂಬಿಕೆ ಇದ್ದರೆ" ಎನ್ನಬೇಕಾಗಿಲ್ಲ. ಎರಡು ದಾರಿಗಳನ್ನೂ ಅವುಗಳ ಕಷ್ಟಸುಖದೊಡನೆ ರೋಗಿಯ ಮುಂದಿಡಬಹುದು. ಗೂರಲು ರೋಗದವರಿಗೆ ಯೋಗಾಭ್ಯಾಸವನ್ನು ಕುರಿತು ಬೆಂಗಳೂರಿನ ಆರ್. ನಾಗರತ್ನ ಮತ್ತು ಎಚ್. ಆರ್. ನಾಗೇಂದ್ರ ಅವರು ಮಾಡಿದ ಅಧ್ಯಯನವೂ ಹೀಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 1985ರಲ್ಲಿ ಬೆಳಕು ಕಂಡಿತು. ಯೋಗ ಮಾಡಿದ 53 ಮಂದಿಗೆ ಮಾಡದ 53 ಮಂದಿಗಿಂತ ಗೂರಲು ಕಡಿಮೆ ಬಂತು, ಔಷಧಿಯೂ ಕಡಿಮೆ ಬೇಕಾಯಿತು. ಬೇಕಾಗಲೇ ಇಲ್ಲವೆಂದು ಅವರು ಹೇಳಲಿಲ್ಲ. ಉಸಿರೆಳೆಯುವ ಪಂಪನ್ನು ಕಿಟಕಿಯಿಂದಾಚೆ ಎಸೆಯುವ ಉತ್ಸಾಹಿಗಳು ಈ ವಾಕ್ಯವನ್ನು ಎರಡು ಸಲ ಓದುವುದೊಳ್ಳೆಯದು.

ಇನ್ನು ಆ ತಾಯಿಯ ಗೂಡಿನಲ್ಲಿರುವುದನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡಬಹುದು.

ಜ್ಯೇಷ್ಠಮಧು ಗಂಟಲಿಗೆ ಹಿತ, ನಾಲಗೆಗೆ ಸಿಹಿ. ಎರಡು ದಿನ ಕುಡಿದರೆ ಚಿಂತೆಯಿಲ್ಲ. ಆದರೆ ದಿನವೂ ಕುಡಿಯುತ್ತ ಬಂದರೆ ಅದು ದೇಹದಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟು ರಕ್ತದೊತ್ತಡವನ್ನು ಏರಿಸುತ್ತದೆ, ಪೊಟ್ಯಾಸಿಯಂ ಎಂಬ ಲವಣವನ್ನು ಹೊರದೂಡುತ್ತದೆ. ಮೂತ್ರ ಹೋಗಿಸುವ ಮಾತ್ರೆಯೂ ಅದೇ ಲವಣವನ್ನು ಹೊರದೂಡುವಂಥದು. ಎರಡೂ ಕೂಡಿದರೆ ಸ್ನಾಯುಗಳಿಗೆ ಬಲವಿಲ್ಲದಾಗುತ್ತದೆ, ಹೃದಯದ ತಾಳ ತಪ್ಪುತ್ತದೆ. ಮಾತ್ರೆ ಬದಲಾಯಿಸಿ ಬದಲಾಯಿಸಿ ಒತ್ತಡವೇಕೆ ಇಳಿಯದೆಂದು ಡಾಕ್ಟರರು ತಲೆ ಕೆರೆದುಕೊಳ್ಳುತ್ತಿರುತ್ತಾರೆ. ಕಾರಣ ಅಡಿಗೆಮನೆಯ ಲೋಟದಲ್ಲಿ ತಣ್ಣಗೆ ಕುಳಿತಿರುತ್ತದೆ.

ಮೆಂತ್ಯಕ್ಕೂ ಹಾಗಲಕಾಯಿಗೂ ರಕ್ತದ ಸಕ್ಕರೆಯನ್ನು ಸ್ವಲ್ಪ ಇಳಿಸುವ ಗುಣವಿದೆ. ಊಟದ ಜೊತೆ ತಿಂದರೆ ಒಳ್ಳೆಯದೇ. ಮಾತ್ರೆಯ ಮೇಲೆ ಮಾತ್ರೆಯೆಂಬಂತೆ ಹೆಚ್ಚು ಹೆಚ್ಚಾಗಿ ಸೇವಿಸಿದರೆ ಕೆಲವೊಮ್ಮೆ ಸಕ್ಕರೆ ಕುಸಿದು ಬೆವರು, ನಡುಕ, ಮಂಪರು ಬರುವುದುಂಟು. ಇದಕ್ಕಿಂತ ಎಷ್ಟೋ ಪಾಲು ಭಯಂಕರವಾದದ್ದು ಇನ್ನೊಂದಿದೆ: ಬೇರೆ ಔಷಧಿ ಹಿಡಿದೆವೆಂದು ಇನ್ಸುಲಿನ್ ನಿಲ್ಲಿಸುವುದು. ಇನ್ಸುಲಿನ್ ಕೊರತೆಯ ಮಧುಮೇಹವಿರುವ ಮಗುವಿಗೆ ಚುಚ್ಚುಮದ್ದು ನಿಂತರೆ, ಮಗು ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಲು ಕೆಲವು ದಿನಗಳೇ ಸಾಕು. ಮಗುವಿನ ನೋವನ್ನು ಕಾಣಲಾರದೆ ಹಾಗೆ ಮಾಡುವ ತಂದೆತಾಯಿಗಳನ್ನು ನಿಂದಿಸಿ ಫಲವಿಲ್ಲ. "ಸೂಜಿ ಬೇಡದ ಔಷಧಿ ಇದೆಯಂತೆ, ನಿಜವೇ?" ಎಂದು ಕೇಳುವ ಧೈರ್ಯ ಅವರಿಗೆ ಡಾಕ್ಟರರ ಎದುರಿನಲ್ಲಿ ಬಂದಿದ್ದರೆ ಎಂಬುದೇ ಅಲ್ಲಿಯ ಸಂಕಟ.

ಅಮೃತಬಳ್ಳಿಯ ಕಥೆ ತೀರ ಇತ್ತೀಚಿನದು. ಕೊರೋನಾ ಪಿಡುಗಿನ ಕಾಲದಲ್ಲಿ ರೋಗನಿರೋಧಕ ಶಕ್ತಿ ಬೆಳೆಯಲೆಂದು ಮನೆಮನೆಯಲ್ಲಿ ಅದರ ಕಷಾಯ ಕುದಿಯಿತು. ಅಮೃತಬಳ್ಳಿ ಸೇವಿಸಿದ್ದ ಆರು ಮಂದಿಯ ಯಕೃತ್ತು ಕೆಟ್ಟ ಸಂಗತಿಯನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಅವರು ತಿಂದದ್ದು ಅಮೃತಬಳ್ಳಿಯೇ ಎಂಬುದನ್ನು ಸರಿಯಾಗಿ ಗುರುತಿಸಿಲ್ಲ, ಅದನ್ನು ಹೋಲುವ ಬೇರೆ ಬಳ್ಳಿಯೂ ಇರಬಹುದೆಂದು ಕೇಂದ್ರದ ಆಯುಷ್ ಮಂತ್ರಾಲಯ ಆಕ್ಷೇಪಿಸಿತು. ವಾದ ಇಬ್ಬರದೂ ಇರಲಿ. ಕುಂಡದ ಬಳ್ಳಿಯನ್ನು ಕೊಯ್ಯುವ ಗೃಹಿಣಿಗೆ ಎರಡು ಬಳ್ಳಿಗಳ ಭೇದ ತಿಳಿಯುವುದು ಹೇಗೆ ಎಂಬ ಪ್ರಶ್ನೆ ಇಬ್ಬರ ವಾದದಿಂದಲೂ ಏಳುತ್ತದೆ.

ಮಂಡಿನೋವಿನ ಪುಡಿಯೇ ಎಲ್ಲಕ್ಕಿಂತ ಅನುಮಾನದ ವಸ್ತು. ಎರಡು ದಿನದಲ್ಲಿ ನೋವು ಮಾಯವಾಗಿ, ಹಸಿವು ಹೆಚ್ಚಿ, ಮುಖ ಗುಂಡಗಾದರೆ ಅದು ಮೂಲಿಕೆಯ ಮಹಿಮೆಯಾಗಿರಲಾರದು. ಹೆಸರಿಲ್ಲದ ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರಸಿದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ನಿದರ್ಶನಗಳು ಅನೇಕ. ಅದರಿಂದ ಸಕ್ಕರೆಯೂ ಒತ್ತಡವೂ ಏರುತ್ತವೆ, ಮೂಳೆ ಸವೆಯುತ್ತದೆ. ತಿಂಗಳುಗಟ್ಟಲೆ ತಿಂದು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ; ಆದುದರಿಂದ "ಎಸೆದು ಬನ್ನಿ" ಎಂಬ ಡಾಕ್ಟರರ ಗದರಿಕೆಯೂ ಇಲ್ಲಿ ಕೇಡನ್ನೇ ಮಾಡೀತು. ಭಸ್ಮಗಳ ವಿಷಯದಲ್ಲಿ ಅಮೆರಿಕದ ಬಾಸ್ಟನ್ ನಗರದ ಸುತ್ತಮುತ್ತ ಅಂಗಡಿಗಳಲ್ಲಿ ಮಾರುತ್ತಿದ್ದ 70 ಬಗೆಯ ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದು 2004ರಲ್ಲಿ ಪ್ರಕಟವಾಯಿತು. ಸರಿಯಾಗಿ ಶೋಧಿಸಿ ಪುಟವಿಟ್ಟ ಭಸ್ಮದಲ್ಲಿ ದೋಷವಿಲ್ಲವೆಂದು ಪಂಡಿತರು ಹೇಳುತ್ತಾರೆ. ಆದರೆ ಪೊಟ್ಟಣದ ಒಳಗಿರುವುದು ಸರಿಯಾಗಿ ಶೋಧಿಸಿದ್ದೇ ಎಂದು ಮನೆಯಲ್ಲಿ ಯಾರೂ ಕಂಡವರಿಲ್ಲ. ವಿಷದ್ರವ್ಯ ಸೇರಿದ ಆಯುರ್ವೇದ ಔಷಧಿಗಳ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಮುದ್ರಿಸಬೇಕೆಂದು ಕಾನೂನೇ ಹೇಳುತ್ತದೆ. ಊರಿನಿಂದ ತರಿಸಿದ ಪೊಟ್ಟಣದ ಮೇಲೆ ಹೆಸರೇ ಇರುವುದಿಲ್ಲ, ಎಚ್ಚರಿಕೆ ಎಲ್ಲಿ ಬಂದೀತು?

ಉಳಿದದ್ದು ಹೋಮಿಯೋಪತಿಯ ಗುಳಿಗೆ. ಅದರಿಂದ ಕೇಡು ವಿರಳ. ಏಕೆಂದರೆ ಹೆಚ್ಚಿನ 'ಶಕ್ತಿ'ಯ ಗುಳಿಗೆಗಳಲ್ಲಿ ಮೂಲದ್ರವ್ಯದ ಒಂದು ಅಣುವೂ ಉಳಿದಿರುವ ಸಂಭವವಿಲ್ಲ. ಬ್ರಿಟನ್ನಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಹೋಮಿಯೋಪತಿ ಆಸ್ಪತ್ರೆಗಳೂ ಅದರೊಳಗೆ ಸೇರಿಕೊಂಡವು. ಕುಟುಂಬ ವೈದ್ಯರು ಸರ್ಕಾರದ ಖರ್ಚಿನಲ್ಲಿಯೇ ಈ ಗುಳಿಗೆಗಳನ್ನು ಬರೆದುಕೊಡಬಹುದಾಗಿತ್ತು. ಸುಮಾರು ಎಪ್ಪತ್ತು ವರ್ಷಗಳ ಮೇಲೆ, 2017ರಲ್ಲಿ, ಇಂಗ್ಲೆಂಡಿನ ಆರೋಗ್ಯ ಸೇವೆ ಇನ್ನು ಬರೆಯಬೇಡಿರೆಂದು ತನ್ನ ವೈದ್ಯರಿಗೆ ಸೂಚಿಸಿತು. ಅಲ್ಲಿ ಪ್ರಶ್ನೆ ಒಂದೇ ಇತ್ತು: ಗುಣವಾಗುತ್ತದೆಂಬುದಕ್ಕೆ ಸಾಕಷ್ಟು ಆಧಾರವಿದೆಯೇ?

ಭಾರತದಲ್ಲಿ ಪ್ರಶ್ನೆ ಅಷ್ಟು ಸರಳವಾಗಲಿಲ್ಲ. 1948ರಲ್ಲಿ ಚೋಪ್ರಾ ಸಮಿತಿ ದೇಶೀಯ ಮತ್ತು ಪಾಶ್ಚಾತ್ಯ ವೈದ್ಯಗಳನ್ನು ಸಮನ್ವಯಗೊಳಿಸಬೇಕೆಂದಿತು; 1963ರಲ್ಲಿ ವ್ಯಾಸ ಸಮಿತಿ ಬೆರಕೆ ಬೇಡ, ಶುದ್ಧ ಆಯುರ್ವೇದವೇ ಇರಲಿ ಎಂದಿತು. ಎರಡು ಹಾದಿಗಳೂ ಬೇರೆಬೇರೆಯಾಗಿ ಸಾಗಿದವು. ಬೆಂಗಳೂರಿನ ಧನ್ವಂತರಿ ರಸ್ತೆಯ ಸರ್ಕಾರಿ ಆಯುರ್ವೇದ ಆಸ್ಪತ್ರೆಗೂ ಮಾರುಕಟ್ಟೆಯ ಬಳಿಯ ವಿಕ್ಟೋರಿಯಾ ಆಸ್ಪತ್ರೆಗೂ ಹೆಚ್ಚು ದೂರವಿಲ್ಲ. ರೋಗಿ ಎರಡು ಕಡೆಗೂ ನಡೆದು ಹೋಗುತ್ತಾನೆ. ಅವನ ಚೀಟಿ ಮಾತ್ರ ಹೋಗುವುದಿಲ್ಲ.

ಹೋಮಿಯೋಪತಿ ಕಲಿತವರೊಬ್ಬರು ಜ್ವರಕ್ಕೆ ಆಂಗ್ಲ ಔಷಧಿ ಕೊಟ್ಟು ರೋಗಿ ತೀರಿಕೊಂಡ ಮೊಕದ್ದಮೆಯಲ್ಲಿ, ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವವನು ನಕಲಿ ವೈದ್ಯನೇ ಎಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪಿತ್ತಿತು. ಆ ತೀರ್ಪನ್ನು ಆಂಗ್ಲ ವೈದ್ಯರು ಆಗಾಗ ಪಂಡಿತರ ಕಡೆಗೆ ಬೆರಳು ಮಾಡಲು ಬಳಸುವುದುಂಟು. ತಾವು ಓದದ ಶಾಸ್ತ್ರದ ಮಾತ್ರೆಯನ್ನು, ಕಂಪೆನಿಯ ಪ್ರತಿನಿಧಿ ಕೊಟ್ಟ ಬಣ್ಣದ ಕಾಗದವನ್ನು ನಂಬಿ ಚೀಟಿಯ ಕೊನೆಗೆ ಸೇರಿಸುವಾಗ ಅದೇ ಕನ್ನಡಿಯಲ್ಲಿ ತಮ್ಮ ಮುಖವನ್ನೂ ನೋಡಿಕೊಂಡರೆ ನ್ಯಾಯವಾದೀತು.

ಕುಟುಂಬ ವೈದ್ಯರು ಇದ್ದಕ್ಕಿದ್ದಂತೆ ಆಯುರ್ವೇದ ಪಂಡಿತರಾಗಬೇಕೆಂದು ಯಾರೂ ಕೇಳುತ್ತಿಲ್ಲ. ಅವರು ಪ್ರಶ್ನೆಯನ್ನು ಬದಲಾಯಿಸಿದರೂ ಅರ್ಧ ಕೆಲಸವಾಯಿತು. "ಬೇರೆ ಔಷಧಿ ತೆಗೆದುಕೊಳ್ಳುತ್ತೀರಾ?" ಎಂದರೆ ಇಲ್ಲವೆಂಬ ಉತ್ತರ ಸಿದ್ಧವಾಗಿರುತ್ತದೆ. "ಮನೆಯಲ್ಲಿ ಕಷಾಯ, ಲೇಹ್ಯ, ಪುಡಿ ಅಂತ ಏನೇನು ಇಟ್ಟುಕೊಂಡಿದ್ದೀರಮ್ಮ? ನಮ್ಮ ಮನೆಯಲ್ಲೂ ಇದೆ" ಎಂದು ಪೆನ್ನು ಕೆಳಗಿಟ್ಟು ಕೇಳಿದರೆ ಗೂಡಿನ ಬಾಗಿಲು ತಾನಾಗಿ ತೆರೆಯುತ್ತದೆ. ಹೇಳಿದ ಮೇಲೆ ನಗಬಾರದು. ಬಿಡಬೇಕಾದದ್ದನ್ನು ಕಾರಣ ಸಹಿತ ಬಿಡಿಸಿ, ಬಿಡಬೇಕಾಗಿಲ್ಲದ್ದನ್ನು ಬಿಡಿಸದಿದ್ದರೆ, ಮುಂದಿನ ಸಲ ಆಕೆ ತಾನಾಗಿಯೇ ಹೇಳುತ್ತಾಳೆ.

ಮನೆಯವರ ಪಾಲಿಗೂ ಕೆಲಸವಿದೆ. ಡಾಕ್ಟರರ ಬಳಿಗೆ ಹೋಗುವಾಗ ಮಾತ್ರೆಯ ಚೀಟಿಯ ಜೊತೆಗೆ ಪುಡಿ, ಭಸ್ಮ, ಅರಿಷ್ಟ, ಗುಳಿಗೆ ಎಲ್ಲವನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಶಸ್ತ್ರಕ್ರಿಯೆಗೆ ದಿನ ಗೊತ್ತಾದಾಗ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುತ್ತಿರುವಾಗ, ಮೂರ್ಛೆರೋಗಕ್ಕೆ ಔಷಧಿ ನಡೆಯುತ್ತಿರುವಾಗ, ಮಗಳು ಬಸುರಿಯಾದಾಗ ಈ ಚೀಲವನ್ನು ಮರೆಯಲೇಬಾರದು. ಪೊಟ್ಟಣದ ಮೇಲೆ ಹೆಸರಿಲ್ಲದಿದ್ದರೆ ಕೊಟ್ಟ ಪಂಡಿತರನ್ನೇ ಕೇಳಿ ಬರೆಸಿಕೊಳ್ಳುವುದು ಉಚಿತ. ಓದಿದ ಪಂಡಿತರು ಸಂತೋಷದಿಂದಲೇ ಬರೆದುಕೊಡುತ್ತಾರೆ. ಗುಟ್ಟಿನ ಔಷಧಿ, ಹೆಸರು ಹೇಳಿದರೆ ಗುಣ ಹೋಗುತ್ತದೆ ಎನ್ನುವ ಅಳಲೆಕಾಯಿ ಪಂಡಿತರ ಪುಡಿಯಾದರೆ ಅದನ್ನು ಹೊಸದಾಗಿ ಆರಂಭಿಸದಿರುವುದೇ ಲೇಸು. ಈಗಾಗಲೇ ತಿಂಗಳುಗಳಿಂದ ತಿನ್ನುತ್ತಿದ್ದರೆ ನಿಲ್ಲಿಸುವ ಮುನ್ನವೇ ಡಾಕ್ಟರರಿಗೆ ತೋರಿಸತಕ್ಕದ್ದು. ಪ್ರತಿಯೊಂದು ಪೊಟ್ಟಣದ ಮೇಲೂ ಸೇವಿಸಲು ತೊಡಗಿದ ತಾರೀಖನ್ನು ಬರೆದಿಡಬೇಕು. ಯಕೃತ್ತಿಗೆ ಪೆಟ್ಟು ಬಿದ್ದದ್ದು ಕಾಣುವುದು ಎಷ್ಟೋ ವಾರಗಳ ಮೇಲೆ. ಕಣ್ಣು ಹಳದಿಯಾದ ದಿನ ಡಾಕ್ಟರರು ಮೊದಲು ಕೇಳುವುದು ಆ ತಾರೀಖನ್ನೇ.